ಎಂಟನೇ ಕ್ಲಾಸ್ ದಾಟಿದ ಮೇಲೂ ಮಕ್ಕಳು ರಾಕೆಟಿನ ಹತ್ರ ಉಳಿಯುವ ಹಾಗೆ ಮಾಡುದು ಹೇಗೆ

ಆರನೇ ಕ್ಲಾಸಿನ ಮಕ್ಕಳಿಗೆ ರಾಕೆಟ್ ಹುಚ್ಚು ಹಿಡಿಸ್ಲಿಕ್ಕೆ ಏನೂ ಕಷ್ಟ ಇಲ್ಲ. ಒಂದು ಸೋಡಾ ಬಾಟ್ಲಿಗೆ ನೀರು ಹಾಕಿ, ಗಾಳಿ ಹೊಡ್ದು, ಒಮ್ಮೆ ಮೇಲೆ ಕಳಿಸಿದ್ರೆ ಸಾಕು, ಮೈಮೇಲೆಲ್ಲ ನೀರು ಬಿದ್ದು ಬೊಬ್ಬೆ ಹಾಕಿ ಕುಣಿತಾರೆ, ಮರುದಿನ ಮನೆಯಲ್ಲಿದ್ದ ಬಾಟ್ಲಿ ಪೂರಾ ಚೀಲದಲ್ಲಿ ತುಂಬಿಸ್ಕೊಂಡು ಬರ್ತಾರೆ. ಕಷ್ಟ ಶುರುವಾಗುದು ಅದೇ ಮಕ್ಕಳು ಎಂಟು, ಒಂಬತ್ತನೇ ಕ್ಲಾಸಿಗೆ ಬಂದಾಗ. ಒಂದು ವಾರ ಬರುದಿಲ್ಲ, ಎರಡು ವಾರ ಬರುದಿಲ್ಲ, ಆಮೇಲೆ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ರೆ ಮುಖ ಆಚೆ ತಿರುಗಿಸ್ತಾರೆ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವ. ಊರಿನ ವಾಚನಾಲಯದ ಬಾಲವೇದಿಯಲ್ಲಿ, ಅಂದ್ರೆ ಮಕ್ಕಳ ಕೂಟದಲ್ಲಿ, ಆರೇಳು ವರ್ಷದಿಂದ ಮಕ್ಕಳೊಟ್ಟಿಗೆ ನೀರಿನ ರಾಕೆಟ್ ಮಾಡ್ತಾ ಇದ್ದೇನೆ. ಮೊದಲ ಬ್ಯಾಚಲ್ಲಿ 14 ಮಕ್ಕಳಿದ್ರು, ಎರಡು ವರ್ಷದಲ್ಲಿ ಉಳಿದದ್ದು ಇಬ್ರು. ನಾನೂ ಎಲ್ಲರ ಹಾಗೆ ಮೊಬೈಲಿಗೆ ಬೈದೆ, ಟ್ಯೂಷನಿಗೆ ಬೈದೆ. ಆಮೇಲೆ ಬಿಟ್ಟುಹೋದ ಒಬ್ಬ ಹುಡುಗ ಸಿಕ್ಕಿದಾಗ ಯಾಕಪ್ಪಾ ಬರುದಿಲ್ಲ ಅಂತ ಕೇಳಿದ್ದಕ್ಕೆ ಅವನು ಹೇಳಿದ್ದು ಇಷ್ಟೇ: "ಮಾವ, ಅಲ್ಲಿ ನಂಗೆ ಎಂತ ಕೆಲಸ ಇತ್ತು? ಪಂಪು ನೀವೇ ಹೊಡಿತೀರಿ, ಹಗ್ಗ ನೀವೇ ಎಳಿತೀರಿ, ನಾವು ಬಾಟ್ಲಿ ಹೆಕ್ಕಿ ತರುದು ಮಾತ್ರ." ಮನೆಗೆ ಬಂದು ಎರಡು ದಿನ ಇದನ್ನೇ ಯೋಚನೆ ಮಾಡಿದೆ. ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಹತ್ತು ವರ್ಷದ ಮಗುವಿಗೆ ನೋಡುದೇ ಗಮ್ಮತ್ತು, ಹದಿನಾಲ್ಕಕ್ಕೆ ಅದು ಸಾಕಾಗುದಿಲ್ಲ. ಆ ವಯಸ್ಸಲ್ಲಿ ತನ್ನ ಕೈಯಲ್ಲಿ ಏನಾದ್ರೂ ನಿಜವಾದ್ದು ಇರ್ಬೇಕು, ತಾನು ಹೋಗದಿದ್ರೆ ಅಲ್ಲಿ ಕೆಲಸ ನಿಲ್ತದೆ ಅಂತ ಇರ್ಬೇಕು. ಆಮೇಲಿಂದ ನಾವು ಮಾಡಿದ್ದು ಪೂರ್ತಿ ಇದರ ಮೇಲೆಯೇ. ಟೀಚರ್‌ಗಳು, ಅಪ್ಪ ಅಮ್ಮಂದಿರು, ಕ್ಲಬ್ಬಿನವರು ಯಾರಿಗಾದ್ರೂ ಉಪಯೋಗ ಆಗ್ಲಿ ಅಂತ ಸ್ಟೆಪ್ಪಾಗಿ ಬರೀತಾ ಇದ್ದೇನೆ.

ಸ್ಟೆಪ್ 1: ಸಿಡಿಮದ್ದಿನ ವಿಷಯ ಮೊದಲೇ ಮಾತಾಡಿ ಮುಗಿಸಿ

ನಮ್ಮ ಕಡೆ ಮಕ್ಕಳಿಗೆ ರಾಕೆಟ್ ಅಂದ ಕೂಡ್ಲೆ ನೆನಪಾಗುದು ಕುಂಬಳೆ ಬೆಡಿ, ಅಂದ್ರೆ ಅಲ್ಲಿನ ಜಾತ್ರೆಯ ಸಿಡಿಮದ್ದು. ಹದಿಮೂರು ಹದಿನಾಲ್ಕು ಆದಾಗ ಯೂಟ್ಯೂಬಲ್ಲಿ ಸಕ್ಕರೆ ಮತ್ತು ಪೊಟ್ಯಾಸಿಯಂ ನೈಟ್ರೇಟಿನ ವಿಡಿಯೋ ನೋಡಿರ್ತಾರೆ, ನಾವೂ ಮಾಡುವ ಅಂತ ಕೇಳಿಯೇ ಕೇಳ್ತಾರೆ. ಇಲ್ಲಿ ಗದರಿಸಿ ಬಾಯಿ ಮುಚ್ಚಿಸಿದ್ರೆ ಹಿತ್ತಲಲ್ಲಿ ಹೋಗಿ ಮಾಡ್ತಾರೆ, ಹಾಗಾಗಿ ಕೂತು ಮಾತಾಡ್ಬೇಕು. ಸ್ಫೋಟಕಗಳ ಕಾಯ್ದೆ 1884 ರಷ್ಟು ಹಳೇದು, ಲೈಸೆನ್ಸ್ ಇಲ್ಲದೆ ಇಂಥಾದ್ದು ಮಾಡುದು ಅಪರಾಧ ಅಂತ ಹೇಳಿ. 2024 ರ ಅಕ್ಟೋಬರಲ್ಲಿ ನೀಲೇಶ್ವರದಲ್ಲಿ ಕಳಿಯಾಟದ (ತೆಯ್ಯಂ ಉತ್ಸವದ) ರಾತ್ರಿ ಪಟಾಕಿ ಇಟ್ಟ ಜಾಗಕ್ಕೆ ಕಿಡಿ ತಾಗಿ ನೂರೈವತ್ತಕ್ಕಿಂತ ಜಾಸ್ತಿ ಜನ ಸುಟ್ಟು ಗಾಯ ಆದದ್ದು ನಮ್ಮ ಜಿಲ್ಲೆಯಲ್ಲೇ ಅಲ್ವಾ, ಅದು ಮಕ್ಕಳಿಗೂ ಗೊತ್ತುಂಟು, ಅವರ ಅಮ್ಮಂದಿರಿಗಂತೂ ಮರೆತಿಲ್ಲ.

ಇನ್ನೊಂದು ಕಥೆ ಸಹ ಹೇಳಿ, ಇದು ಮಕ್ಕಳಿಗೆ ಚೆನ್ನಾಗಿ ತಾಗ್ತದೆ. ಈ ಮಾಡೆಲ್ ರಾಕೆಟ್ ಹವ್ಯಾಸ ಹುಟ್ಟಿದ್ದೇ ಮಕ್ಕಳ ಕೈ ಉಳಿಸ್ಲಿಕ್ಕೆ. 1957 ರಲ್ಲಿ, ಸ್ಪುಟ್ನಿಕ್ ಹಾರಿದ ವರ್ಷ, ಅಮೆರಿಕದಲ್ಲಿ ಹುಡುಗರು ಮನೆಯಲ್ಲೇ ಮದ್ದು ತುಂಬಿಸಿ ಕೈ ಕಣ್ಣು ಕಳ್ಕೊಳ್ತಾ ಇದ್ರು, ಆಗ ಓರ್ವಿಲ್ ಕಾರ್ಲೈಲ್ ಅನ್ನುವವರು ಕಾಗದದ ಕೊಳವೆಯ ಸಣ್ಣ ರೆಡಿಮೇಡ್ ಮೋಟರ್ ಹಾಕಿ ತಾನು ಮಾಡಿದ್ದ ರಾಕೆಟನ್ನು ಹ್ಯಾರಿ ಸ್ಟೈನ್ ಅನ್ನುವ ರಾಕೆಟ್ ಎಂಜಿನಿಯರಿಗೆ ಕಳಿಸಿದ್ರು. ಮದ್ದಿಗೆ ನೀನು ಕೈ ಹಾಕ್ಬೇಡ, ರಾಕೆಟ್ ಮಾತ್ರ ನೀನು ಮಾಡು, ಅದೇ ಈ ಹವ್ಯಾಸದ ಮೊದಲ ನಿಯಮ. ಅಲ್ಲಿ ಆ ಮೋಟರ್ ಅಂಗಡಿಯಲ್ಲೇ ಸಿಗ್ತದೆ, ನಮಗೆ ಇಲ್ಲಿ ಹಾಗೆ ಪೇಟೆಗೆ ಹೋಗಿ ತರ್ಲಿಕ್ಕೆ ಆಗುದಿಲ್ಲ. ಹಾಗಾಗಿ ನಮ್ಮ ಮೋಟರ್ ನೀರು ಮತ್ತು ಗಾಳಿ. ಇದು ಚಿಲ್ಲರೆ ವಿಷಯ ಅಂತ ಮಕ್ಕಳಿಗೆ ಅನ್ನಿಸ್ಲಿಕ್ಕೆ ಬಿಡ್ಬೇಡಿ, ನ್ಯೂಟನ್ನನ ಮೂರನೇ ನಿಯಮ ಸೋಡಾ ಬಾಟ್ಲಿಗೆ ಬೇರೆ, ಪಿಎಸ್‌ಎಲ್‌ವಿಗೆ ಬೇರೆ ಅಂತ ಇಲ್ಲ.

ಸ್ಟೆಪ್ 2: ಲಾಂಚರ್ ಅವರೇ ಮಾಡ್ಲಿ, ನೀವು ಸಾಮಾನು ಮಾತ್ರ ಕೊಡಿ

ರೆಡಿ ಲಾಂಚರ್ ತಂದು ಕೊಟ್ರೆ ಅದು ನಿಮ್ಮ ಲಾಂಚರ್ ಆಗ್ತದೆ. ಪ್ಲಂಬಿಂಗ್ ಅಂಗಡಿಗೆ ಅವರನ್ನೇ ಕಳಿಸಿ. ಅರ್ಧ ಇಂಚಿನ ಎಸ್‌ಸಿಎಚ್ 40 (ಪೈಪಿನ ದಪ್ಪದ ಒಂದು ಗ್ರೇಡ್) ಯುಪಿವಿಸಿ ಪೈಪಿನ ಹೊರ ಅಳತೆ 21.3 ಮಿಮೀ, ಸೋಡಾ ಬಾಟ್ಲಿಯ ಬಾಯಿಯೊಳಗೆ ಅದು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತ್ಕೊಳ್ತದೆ. ಸಿಪಿವಿಸಿ ಕೊಟ್ರೆ ತರ್ಬೇಡಿ, ಅದು ಸಪೂರ. ಗಾಳಿ ಸೋರದ ಹಾಗೆ ಪೈಪಿಗೊಂದು ಓ ರಿಂಗ್ (ರಬ್ಬರ್ ಬಳೆ), ಬಾಟ್ಲಿಯ ಕುತ್ತಿಗೆಯ ಏಣನ್ನು ಸುತ್ತಲೂ ಹಿಡ್ಕೊಳ್ಳುವ ಹಾಗೆ ಏಳೆಂಟು ಕೇಬಲ್ ಟೈ, ಆ ಟೈಗಳ ತಲೆಯನ್ನು ಒತ್ತಿ ಇಡ್ಲಿಕ್ಕೆ ಮೇಲಿಂದ ಒಂದು ದೊಡ್ಡ ಪೈಪಿನ ತುಂಡು, ಅದಕ್ಕೆ ಹಗ್ಗ. ಹಗ್ಗ ಎಳೆದ್ರೆ ಆ ತುಂಡು ಕೆಳಗೆ ಜಾರ್ತದೆ, ಟೈ ಬಿಚ್ತದೆ, ಬಾಟ್ಲಿ ರಪಕ್ಕ ಹೋಗ್ತದೆ.

ಗಾಳಿ ಹೊಡಿಲಿಕ್ಕೆ ಗೇಜ್ ಇರುವ ಪಂಪೇ ಬೇಕು, ಅಂದಾಜಿಗೆ ಹೊಡಿಯುವ ಪಂಪ್ ಬೇಡವೇ ಬೇಡ. ಪಂಪಿಂದ ಲಾಂಚರಿಗೆ ಉದ್ದ ಹೋಸ್ ಹಾಕಿ, ಹುಡುಗರು ಬಾಟ್ಲಿಯ ಹತ್ರ ನಿಂತು ಗಾಳಿ ಹೊಡಿಬಾರ್ದು. ನಮ್ಮಲ್ಲಿ ಒಬ್ಬ ಹುಡುಗ ಅವನ ಅಜ್ಜನ ಹಳೆ ಹೋಸ್ ತಂದ, ಅಡಿಕೆಗೆ ಮದ್ದು ಬಿಡುವ ಹೋಸ್, ಹತ್ತು ಮೀಟರ್ ಉಂಟು, ಒಳ್ಳೆ ಪ್ರೆಶರ್ ತಡಿತದೆ. ಅದರ ಮೈ ಪೂರ್ತಿ ನೀಲಿ ಹಿಡಿದಿತ್ತು, ಮೈಲುತುತ್ತಿನ ನೀಲಿ. ಎರಡು ದಿನ ತೊಳೆದ್ರೂ ಪೂರ್ತಿ ಹೋಗ್ಲಿಲ್ಲ, ಈಗ್ಲೂ ಅದೇ ಹೋಸ್. ಪಂಪಿನ ಹತ್ರವೇ ಒಂದು ಟೀ ಜಾಯಿಂಟ್ ಹಾಕಿ ಬಾಲ್ ವಾಲ್ವ್ ಇಟ್ಟಿದ್ದೇವೆ, ಯಾವಾಗ ಬಾಟ್ಲಿ ಸಿಕ್ಕಿಹಾಕ್ಕೊಂಡು ಹೋಗದೆ ನಿಂತ್ರೂ ದೂರದಿಂದಲೇ ಗಾಳಿ ಬಿಡ್ಬಹುದು, ಗಾಳಿ ತುಂಬಿದ ಬಾಟ್ಲಿಯ ಹತ್ರ ಯಾರೂ ಹೋಗ್ಲಿಕ್ಕೆ ಇಲ್ಲ. ಆ ವಾಲ್ವಿನ ಐಡಿಯಾ ಸಹ ಅವನದ್ದೇ. ಈಗ ಪ್ಲಸ್ ಟು ಓದ್ತಾ ಇದ್ದಾನೆ, ವಾಲ್ವ್ ಲೀಕ್ ಆದ್ರೆ ಇವತ್ತಿಗೂ ಫೋನ್ ಹೋಗುದು ಅವನಿಗೆ.

ಬಾಟ್ಲಿ ಗ್ಯಾಸ್ ಇರುವ ಡ್ರಿಂಕ್ಸಿನದ್ದೇ ಆಗ್ಬೇಕು, ಬರೀ ನೀರಿನ ಬಾಟ್ಲಿ ಪ್ರೆಶರಿಗೆ ಆಗುದಿಲ್ಲ. ಗಾಳಿಯ ಪ್ರೆಶರಿಗೆ ನಮ್ಮ ಮಿತಿ 60 ಪಿಎಸ್‌ಐ. ಹೊಸ ಬಾಟ್ಲಿ ಬಂದ್ರೆ ಮೊದಲು ಬಾಯಿ ತನಕ ನೀರು ತುಂಬಿಸಿ 80 ರ ತನಕ ಹೊಡ್ದು ಟೆಸ್ಟ್ ಮಾಡ್ತಾರೆ, ಪೂರ್ತಿ ನೀರಿದ್ರೆ ಒಡೆದ್ರೂ ಹಾರುದಿಲ್ಲ, ಬರೀ ಸೋರ್ತದೆ. ರೆಕ್ಕೆ ಅಂಟಿಸ್ಲಿಕ್ಕೆ ಬಿಸಿ ಗ್ಲೂ ಗನ್, ಸೂಪರ್ ಗ್ಲೂ ಎರಡೂ ಬೇಡ, ಒಂದು ಪ್ಲಾಸ್ಟಿಕ್ ಮೆತ್ತಗೆ ಮಾಡ್ತದೆ, ಇನ್ನೊಂದು ಪೆಡಸು ಮಾಡ್ತದೆ. ಡಬಲ್ ಸೈಡ್ ಟೇಪ್, ಮೇಲಿಂದ ಪ್ಯಾಕಿಂಗ್ ಟೇಪ್. ರೆಕ್ಕೆಗೆ ನಾವು ಮೊದಲು ಅಡಿಕೆ ಹಾಳೆ ಹಾಕಿದ್ದು, ಒಣ ಹಾಳೆ ಹಗುರ, ಗಟ್ಟಿ, ನೋಡ್ಲಿಕ್ಕೂ ಚಂದ, ಆದ್ರೆ ಎರಡು ಸಲ ನೀರು ತಾಗಿದ್ರೆ ಸೊಟ್ಟ ಆಗ್ತದೆ. ಈಗ ಸನ್‌ಪ್ಯಾಕ್ ಶೀಟ್, ಪ್ರಚಾರದ ಬೋರ್ಡಿನ ಪ್ಲಾಸ್ಟಿಕ್, ಇಲೆಕ್ಷನ್ ಮುಗಿದ ಮೇಲೆ ಬೇಕಾದಷ್ಟು ಸಿಗ್ತದೆ.

ಸ್ಟೆಪ್ 3: ಉತ್ತರ ನಿಮಗೇ ಗೊತ್ತಿಲ್ಲದ ಪ್ರಶ್ನೆ ಕೊಡಿ

ಇದು ನನ್ನ ಪ್ರಕಾರ ಎಲ್ಲದಕ್ಕಿಂತ ಮುಖ್ಯ. ಎತ್ತರಕ್ಕೆ ಹೋಯ್ತು, ಸೂಪರ್ ಆಯ್ತು, ಅಲ್ಲಿಗೆ ಮುಗಿದ್ರೆ ಮೂರನೇ ಸಲಕ್ಕೆ ಬೋರ್ ಆಗ್ತದೆ. ಎಷ್ಟು ಎತ್ತರ ಅಂತ ಕೇಳಿದ ದಿನದಿಂದ ಹವ್ಯಾಸ ಶುರು.

ಅಳಿಲಿಕ್ಕೆ ಜಾಸ್ತಿ ಏನೂ ಬೇಡ. ಒಂದು ಕೋನಮಾಪಕ, ಅದರ ಚಪ್ಪಟೆ ಬದಿಗೆ ಒಂದು ಸ್ಟ್ರಾ, ನಡುವಿಂದ ನೂಲು, ನೂಲಿನ ತುದಿಗೆ ಒಂದು ನಟ್. ಲಾಂಚರಿಂದ 50 ಮೀಟರ್ ಅಳೆದು ನಿಂತು ರಾಕೆಟ್ ತುದಿಗೆ ಹೋದಾಗ ಸ್ಟ್ರಾದಲ್ಲಿ ನೋಡಿ ನೂಲನ್ನು ಬೆರಳಲ್ಲಿ ಒತ್ತಿ ಹಿಡಿಬೇಕು. ನೂಲು 50 ರ ಗೀಟಲ್ಲಿ ನಿಂತ್ರೆ, 90 ರಿಂದ ಕಳೆದು ಕೋನ 40 ಡಿಗ್ರಿ ಬಂತು ಅಂತ ಇಟ್ಕೊಳ್ಳಿ, ಟ್ಯಾನ್ 40 ಅಂದ್ರೆ 0.84, ಐವತ್ತಕ್ಕೆ ಗುಣಿಸಿದ್ರೆ 42, ನಿಂತವರ ಕಣ್ಣಿನ ಎತ್ತರ ಒಂದೂವರೆ ಸೇರಿಸಿದ್ರೆ 43 ವರೆ ಮೀಟರ್. ಆಚೆ ಕಡೆ ಇನ್ನೊಬ್ರು ನಿಂತು ಅಳೆದು ಸರಾಸರಿ ತೆಗೆದ್ರೆ ಇನ್ನೂ ಒಳ್ಳೇದು. ಹತ್ತನೇ ಕ್ಲಾಸಲ್ಲಿ ತ್ರಿಕೋನಮಿತಿ ಬರುವ ಮೊದಲೇ ನಮ್ಮ ಎಂಟನೇಯವರಿಗೆ ಟ್ಯಾನ್ ಅಂದ್ರೆ ಎಂತ ಅಂತ ಗೊತ್ತುಂಟು.

ಆಮೇಲೆ ಪ್ರಶ್ನೆ. 1.25 ಲೀಟರ್ ಬಾಟ್ಲಿಗೆ ನೀರು ಎಷ್ಟು ಹಾಕಿದ್ರೆ ಎತ್ತರ ಜಾಸ್ತಿ? 200 ಮಿಲೀ, 300, 400, 500, 600, ಪ್ರತಿಯೊಂದಕ್ಕೂ ಮೂರು ಸಲ. ನೀರು ಜಾಸ್ತಿಯಾದ್ರೆ ಗಾಳಿಗೆ ಜಾಗ ಕಮ್ಮಿ, ಕಮ್ಮಿಯಾದ್ರೆ ತಳ್ಳಿ ಹೊರಗೆ ಹಾಕ್ಲಿಕ್ಕೆ ವಸ್ತುವೇ ಇಲ್ಲ, ಸಾಧಾರಣ ಮೂರರಲ್ಲಿ ಒಂದು ಭಾಗದ ಹತ್ರ ಬಂದು ನಿಲ್ತದೆ. ಉತ್ತರ ನೀವು ಮೊದಲೇ ಹೇಳ್ಬೇಡಿ ಅಷ್ಟೇ.

ನಾನು ಹೇಳಿ ತಪ್ಪಿದ್ದು ಒಂದುಂಟು, ಅದನ್ನು ಬರೀಲೇಬೇಕು. ರಾಕೆಟ್ ಹಗುರ ಆದಷ್ಟು ಎತ್ತರ ಹೋಗ್ತದೆ ಅಂತ ನಾನು ಎಲ್ಲ ಮಕ್ಕಳಿಗೂ ಹೇಳ್ತಾ ಬಂದಿದ್ದೆ. ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ, ಮಾತು ಬಹಳ ಕಮ್ಮಿ, ಒಂದು ಶನಿವಾರ ಪುಸ್ತಕ ತಂದು ನನ್ನ ಮುಂದೆ ಇಟ್ಟಳು. ಮೂತಿಗೆ ಏನೂ ಹಾಕದೆ, 20 ಗ್ರಾಂ ಕ್ಲೇ ಹಾಕಿ, 40, 60, 100, ಎಲ್ಲ ಮೂರು ಮೂರು ಸಲ ಬಿಟ್ಟು ಬರೆದಿದ್ದಳು, ಮಳೆ ಹನಿ ಬಿದ್ದು ಶಾಯಿ ಹರಡಿದ ಎರಡು ಲೆಕ್ಕಕ್ಕೆ ಗೀಟು ಹಾಕಿ ಪುನಃ ಮಾಡಿದ್ದಳು. 40 ಗ್ರಾಂ ಹಾಕಿದ್ದು ಏನೂ ಹಾಕದ್ದಕ್ಕಿಂತ ಮೇಲೆ ಹೋಗಿತ್ತು, ಮೂರಕ್ಕೆ ಮೂರು ಸಲವೂ. ನಾನು ನಂಬಲಿಲ್ಲ, ಪುನಃ ಬಿಟ್ಟು ನೋಡಿದೆವು, ಅವಳದ್ದೇ ಸರಿ. ನೀರು ಖಾಲಿಯಾದ ಮೇಲೆ ರಾಕೆಟ್ ಬರೀ ಎಸೆದ ಕಲ್ಲಿನ ಹಾಗೆ, ತೀರಾ ಹಗುರ ಇದ್ರೆ ಗಾಳಿ ಬೇಗ ತಡೀತದೆ. ಒಣ ಅಡಿಕೆ ಸಿಪ್ಪೆ ಎಸೆದು ನೋಡಿ, ಇಡೀ ಅಡಿಕೆ ಎಸೆದು ನೋಡಿ, ಯಾವುದು ದೂರ ಹೋಗ್ತದೆ? ಭಾರ ಅತಿಯಾದ್ರೆ ಪುನಃ ಇಳಿತದೆ, ನಡುವಲ್ಲಿ ಒಂದು ಸರಿಯಾದ ಭಾರ ಉಂಟು. ಅವತ್ತು ನಾನು ಎಲ್ಲರ ಎದುರು, ನಾನು ಇಷ್ಟು ದಿನ ಹೇಳಿದ್ದು ತಪ್ಪು, ಇವಳು ಹೇಳುದು ಸರಿ, ಅಂತ ಹೇಳಿದೆ. ಆ ಹುಡುಗಿ ಮತ್ತೆ ಒಂದು ಶನಿವಾರವೂ ತಪ್ಪಿಸಲಿಲ್ಲ.

ಸ್ಟೆಪ್ 4: ಹಾರುವ ಮೊದಲು ಕೈಯಲ್ಲಿ ತಿರುಗಿಸಿ ನೋಡುದು

ಪಲ್ಟಿ ಹೊಡೆಯುವ ರಾಕೆಟ್ ಯಾಕೆ ಪಲ್ಟಿ ಹೊಡಿತದೆ ಅಂತ ಗೊತ್ತಾದ್ರೆ ಮಕ್ಕಳು ಇದರಲ್ಲಿ ಮುಳುಗಿಯೇ ಹೋಗ್ತಾರೆ. ಖಾಲಿ ರಾಕೆಟನ್ನು ಬೆರಳ ಮೇಲೆ ತೂಗಿ ಸಮ ನಿಲ್ಲುವ ಜಾಗಕ್ಕೆ ಗುರುತು ಹಾಕಿ, ಅದು ಗುರುತ್ವ ಕೇಂದ್ರ. ಆಮೇಲೆ ರಟ್ಟಲ್ಲಿ ರಾಕೆಟಿನ ನೆರಳಿನ ಆಕಾರ ಕತ್ತರಿಸಿ, ರೆಕ್ಕೆ ಸಮೇತ, ಆ ರಟ್ಟು ಎಲ್ಲಿ ಸಮ ತೂಗ್ತದೆ ನೋಡಿ, ಅದು ಸಾಧಾರಣ ಒತ್ತಡ ಕೇಂದ್ರ, ಗಾಳಿ ತಳ್ಳುವ ಬಿಂದು. ಭಾರದ ಬಿಂದು ಗಾಳಿಯ ಬಿಂದುವಿಗಿಂತ ಮುಂದೆ, ಮೂತಿಯ ಕಡೆಗೆ, ಕಮ್ಮಿಯಲ್ಲಿ ಬಾಟ್ಲಿಯ ಒಂದು ವ್ಯಾಸದಷ್ಟು ಇರ್ಬೇಕು. ಇಲ್ಲದ್ರೆ ಮೂತಿಗೆ ಭಾರ ಹಾಕಿ ಅಥವಾ ರೆಕ್ಕೆ ದೊಡ್ಡ ಮಾಡಿ. ಕೊನೆಗೆ ಗುರುತ್ವ ಕೇಂದ್ರಕ್ಕೆ ಎರಡು ಮೀಟರ್ ದಾರ ಕಟ್ಟಿ ತಲೆ ಮೇಲೆ ಗಿರಗಿರ ತಿರುಗಿಸುದು, ಮೂತಿ ಮುಂದೆ ಮಾಡ್ಕೊಂಡು ತಿರುಗಿದ್ರೆ ಪಾಸ್, ಅಡ್ಡಡ್ಡ ಹೋದ್ರೆ ಅವತ್ತು ಅದು ಹಾರ್ಲಿಕ್ಕೆ ಇಲ್ಲ.

ಕಂಪ್ಯೂಟರ್ ಇಷ್ಟ ಇರುವವರಿಗೆ ಓಪನ್‌ರಾಕೆಟ್ ಅಂತ ಸಾಫ್ಟ್‌ವೇರ್ ಉಂಟು, ದುಡ್ಡಿಲ್ಲ, ಫಿನ್‌ಲೆಂಡಿನ ಒಬ್ಬ ವಿದ್ಯಾರ್ಥಿ ಎಂಎಸ್ಸಿ ಥೀಸಿಸಿಗೆ ಅಂತ ಮಾಡಿದ್ದು. ಅದರಲ್ಲಿ ನೀರಿನ ಮೋಟರ್ ಇಲ್ಲ, ಆದ್ರೆ ಆ ಎರಡೂ ಬಿಂದು ಸ್ಕ್ರೀನಲ್ಲೇ ಕಾಣ್ತದೆ. ನಿಜ ಮೋಟರ್ ಕೈಗೆ ಸಿಗದಿದ್ರೂ ಅದರಲ್ಲಿ ಹಾಕಿ ಹಾರಿಸ್ಬಹುದು. ಸಿ6-5 ಅಂತ ಬರೆದಿರ್ತದೆ, ಸಿ ಅಂದ್ರೆ ಒಟ್ಟು ಇಂಪಲ್ಸಿನ (ನೂಕುಬಲ ಗುಣಿಸು ಉರಿಯುವ ಹೊತ್ತು) ವರ್ಗ, 5 ರಿಂದ 10 ನ್ಯೂಟನ್ ಸೆಕೆಂಡ್, ಒಂದೊಂದು ಅಕ್ಷರ ಮೇಲೆ ಹೋದ ಹಾಗೆ ಮಿತಿ ಡಬಲ್, 6 ಅಂದ್ರೆ ಸರಾಸರಿ ನೂಕುಬಲ ನ್ಯೂಟನ್ನಲ್ಲಿ, 5 ಅಂದ್ರೆ ಉರಿದು ಮುಗಿದ ಮೇಲೆ ಪ್ಯಾರಾಶೂಟ್ ಹೊರಗೆ ಬರ್ಲಿಕ್ಕೆ ಎಷ್ಟು ಸೆಕೆಂಡ್. ಕ್ರಿಕೆಟ್ ಸ್ಕೋರಿನ ಹಾಗೆ ಬಾಯಿಪಾಠ ಮಾಡಿಟ್ಟ ಹುಡುಗರಿದ್ದಾರೆ ನಮ್ಮಲ್ಲಿ.

ಸ್ಟೆಪ್ 5: ಎಲ್ಲರಿಗೂ ವೇಷ ಉಂಟು

ಯಕ್ಷಗಾನ ಮೇಳದಲ್ಲಿ ಯಾರೂ ಬಂದ ದಿನವೇ ರಾಜವೇಷ ಕಟ್ಟುದಿಲ್ಲ. ಕೋಡಂಗಿ, ಬಾಲಗೋಪಾಲ, ನಿತ್ಯವೇಷ, ಹಾಗೆ ಹಂತ ಹಂತವಾಗಿ ಬರ್ಬೇಕು, ಆದ್ರೆ ಕೋಡಂಗಿಗೂ ರಂಗಸ್ಥಳದಲ್ಲಿ ಅದರದ್ದೇ ಹೊತ್ತುಂಟು, ಅವನು ಬಾರದಿದ್ರೆ ಆಟ ಶುರುವಾಗುದಿಲ್ಲ. ಲಾಂಚ್ ದಿನವನ್ನು ನಾವು ಹಾಗೆ ಮಾಡಿದ್ದೇವೆ. ಒಬ್ರು ಪ್ಯಾಡ್, ಒಬ್ರು ಪ್ರೆಶರ್, ಇಬ್ರು ಕೋನ, ಒಬ್ರು ಲೆಕ್ಕಪುಸ್ತಕ, ಒಬ್ರು ಕ್ಯಾಮೆರಾ, ಒಬ್ರು ಮೈಕಿಲ್ಲದೆ ಕೌಂಟ್‌ಡೌನ್ ಹೇಳುವವರು. ಮರಕ್ಕೆ ಸಿಕ್ಕಿದ ರಾಕೆಟ್ ದೋಟಿಯಲ್ಲಿ ತೆಗೆಯುವ ಕೆಲಸಕ್ಕಂತೂ ಕಾಂಪಿಟಿಶನ್.

ಇದರಲ್ಲಿ ಸೇಫ್ಟಿ ಆಫೀಸರ್ ಅಂತ ಒಬ್ರು, ಕಡ್ಡಾಯವಾಗಿ ಹದಿನಾಲ್ಕು ದಾಟಿದವರು, ಪ್ರತಿ ಸಲ ಬೇರೆಯವರು. ಅವರು ಇವತ್ತು ಬೇಡ ಅಂದ್ರೆ ಬೇಡ, ನಾನು ಹೇಳಿದ್ರೂ ಇಲ್ಲ. ಒಮ್ಮೆ ಪಂಚಾಯತ್ ಮೆಂಬರನ್ನು ಕರೆದಿದ್ದೆವು, ಎಲ್ಲ ರೆಡಿ, ಅಷ್ಟರಲ್ಲಿ ಆ ದಿನದ ಸೇಫ್ಟಿ ಆಫೀಸರ್ ಹುಡುಗ ಗಾಳಿ ಜಾಸ್ತಿಯಾಯ್ತು, ಪದವಿನ (ನಾವು ಹಾರಿಸುವ ಮುರಕಲ್ಲಿನ ಬಯಲಿನ) ಆ ಬದಿಯಲ್ಲಿ ದನ ಮೇಯ್ತಾ ಉಂಟು, ಈಗ ಬಿಡ್ಲಿಕ್ಕಿಲ್ಲ ಅಂದ. ನಂಗೆ ಒಳಗೊಳಗೆ ಪಿರಿಪಿರಿ ಆಯ್ತು, ಆದ್ರೂ ಸುಮ್ಮನಿದ್ದೆ. ಮೆಂಬರ್ ಸಹ ಮುಕ್ಕಾಲು ಗಂಟೆ ಕಲ್ಲಿನ ಮೇಲೆ ಕೂತು ಕಾದ್ರು. ನೀವು ಆ ಅಧಿಕಾರ ಕೊಟ್ಟ ಮೇಲೆ ಒಂದು ಸಲ ವಾಪಸ್ ತಗೊಂಡ್ರೂ ಎಲ್ಲ ಹೋಯ್ತು, ಅದನ್ನು ನೆನಪಿಡಿ.

ಮೊಬೈಲ್ ಶತ್ರು ಅಂತ ಮಾಡ್ಬೇಡಿ. ಸ್ಲೋ ಮೋಷನಲ್ಲಿ, ಸೆಕೆಂಡಿಗೆ 240 ಫ್ರೇಮಲ್ಲಿ, ಹಿಡಿದು ಎಣಿಸ್ಲಿ. 30 ಸೆಂಟಿಮೀಟರ್ ಉದ್ದದ ಬಾಟ್ಲಿ ತನ್ನ ಉದ್ದದಷ್ಟು ದೂರ 3 ಫ್ರೇಮಲ್ಲಿ ದಾಟಿದ್ರೆ ಸೆಕೆಂಡಿಗೆ 24 ಮೀಟರ್, ಗಂಟೆಗೆ 86 ಕಿಲೋಮೀಟರ್. ಈ ಲೆಕ್ಕ ಮೊದಲ ಸಲ ಬಂದಾಗ ಹುಡುಗರು ಆ ವಿಡಿಯೋವನ್ನು ಊರಿಡೀ ತೋರಿಸಿದ್ರು.

ಸ್ಟೆಪ್ 6: ಹೊತ್ತು ಅವರ ಹೊತ್ತಿಗೆ ಸರಿಯಾಗಿರ್ಲಿ

ಸಣ್ಣ ವಿಷಯ ಅಂತ ಕಾಣ್ತದೆ, ಆದ್ರೆ ಮಕ್ಕಳು ಬಿಟ್ಟುಹೋಗುದು ಎಷ್ಟೋ ಸಲ ಇದರಿಂದಲೇ. ಬೆಳಿಗ್ಗೆ ಮದ್ರಸ ಇರುವ ಮಕ್ಕಳಿದ್ದಾರೆ, ಸಂಜೆ ಭಜನೆ, ಚೆಂಡೆ ಕ್ಲಾಸ್, ಟ್ಯೂಷನ್. ಮಧ್ಯಾಹ್ನ ಆದ್ರೆ ಕಡಲಿನ ಗಾಳಿ ಏಳ್ತದೆ, ರಾಕೆಟ್ ತೋಟಕ್ಕೆ ಹೋಗ್ತದೆ. ನಮಗೆ ಸರಿಯಾದದ್ದು ಶನಿವಾರ ಒಂಬತ್ತೂವರೆಯಿಂದ ಹನ್ನೊಂದು, ತಿಂಗಳಿಗೆ ಎರಡೇ ಸಲ. ಜಾಗ ಮುರಕಲ್ಲಿನ ಪದವು, ಕರೆಂಟ್ ಲೈನ್ ಇಲ್ಲದ್ದು, ಯಜಮಾನರ ಹತ್ರ ಪ್ರತಿ ವರ್ಷ ಮಕ್ಕಳೇ ಹೋಗಿ ಕೇಳ್ತಾರೆ. ಜೂನಿಂದ ಸೆಪ್ಟೆಂಬರ್ ಮಳೆ, ಹಾರಿಸ್ಲಿಕ್ಕೆ ಆಗುದಿಲ್ಲ, ಆಗ ವಾಚನಾಲಯದ ಒಳಗೆ ಪ್ಯಾರಾಶೂಟ್ ಹೊಲಿಯುದು. ಹಳೆ ಕೊಡೆಯ ಬಟ್ಟೆಯಷ್ಟು ಒಳ್ಳೆ ಪ್ಯಾರಾಶೂಟ್ ಬಟ್ಟೆ ಎಲ್ಲೂ ಇಲ್ಲ, ಮಳೆಗಾಲದಲ್ಲಿ ಮುರಿದ ಕೊಡೆಗೆ ನಮ್ಮಲ್ಲಿ ಬರವೂ ಇಲ್ಲ.

ಹುಡುಗಿಯರು ಉಳಿಯಬೇಕಾದ್ರೆ ಅಮ್ಮಂದಿರನ್ನು ಕರೀರಿ. ಚಿಟಿಯಲ್ಲಿ ಸೈನ್ ಹಾಕಿಸಿದ್ರೆ ಸಾಲದು, ರಾಕೆಟ್ ಹಾರಿಸುವ ಪದವಿನ ಜಾಗಕ್ಕೇ ಕರೀರಿ, ಹಗ್ಗ ಎಳಿಲಿಕ್ಕೆ ಕೊಡಿ. ಒಮ್ಮೆ ತಾನೇ ಎಳೆದ ಅಮ್ಮ ಮತ್ತೆ ಮಗಳನ್ನು ಬೇಡ ಹೇಳಿದ್ದು ನಾನು ನೋಡಿಲ್ಲ. ಮತ್ತೆ, ಮನೆ ಬಾಗಿಲ ತನಕ ಗುಂಪಾಗಿ ವಾಪಸ್ ಹೋಗುದು, ಅದು ನಿಯಮ.

ಸ್ಟೆಪ್ 7: ಬಿದ್ದು ಒಡೆದ್ರೆ ನೀವು ಕೈ ಹಾಕ್ಬೇಡಿ

ಒಂದು ತಿಂಗಳು ಕೂತು ಮಾಡಿದ ರಾಕೆಟ್ ಪ್ಯಾರಾಶೂಟ್ ಬಿಚ್ಚದೆ ಕಲ್ಲಿಗೆ ಬಡಿದು ಚಪ್ಪಟೆ ಆದಾಗ ಹುಡುಗ ಅಳುದಿಲ್ಲ, ಆ ವಯಸ್ಸಲ್ಲಿ ಅಳುದಿಲ್ಲ, ನಗಾಡ್ತಾನೆ, ಆಮೇಲೆ ಬರುದು ನಿಲ್ಲಿಸ್ತಾನೆ. ಆ ದಿನವೇ ಅಲ್ಲೇ ಕೂತು ತುಂಡುಗಳನ್ನು ಕಲ್ಲಿನ ಮೇಲೆ ಸಾಲಾಗಿ ಇಟ್ಟು, ಎಂತ ಆಯ್ತು ಅಂತ ಅವನ ಬಾಯಲ್ಲೇ ಹೇಳಿಸಿ ಪುಸ್ತಕದಲ್ಲಿ ಬರೆಸಿ. ನಮ್ಮ ಪುಸ್ತಕದಲ್ಲಿ ಹಾರಿದ್ದಕ್ಕಿಂತ ಬಿದ್ದದ್ದರ ಪುಟವೇ ಜಾಸ್ತಿ. ತುಳುವಲ್ಲಿ ಬರೆದದ್ದುಂಟು, ಮಲಯಾಳದಲ್ಲಿ, ಹವ್ಯಕದಲ್ಲಿ, ಮರಾಠಿಯಲ್ಲಿ ಬರೆದದ್ದುಂಟು, ಲಿಪಿ ಕನ್ನಡ. ಭಾಷೆ ತಿದ್ಲಿಕ್ಕೆ ಹೋಗ್ಬೇಡಿ. ಕನ್ನಡ ಮೀಡಿಯಂ ಮಕ್ಕಳಿಗೆ ಪ್ಲಸ್ ವನ್ನಿಗೆ ಹೋದ ಕೂಡ್ಲೆ ಫಿಸಿಕ್ಸ್ ಪೂರ್ತಿ ಇಂಗ್ಲಿಷಿಗೆ ತಿರುಗ್ತದೆ, ಆಗ ತಲೆ ತಿರುಗಿ ಸೈನ್ಸ್ ನಂಗೆ ಆಗುದಿಲ್ಲ ಅಂತ ಕೂತ್ಕೊಳ್ಳುವವರು ಎಷ್ಟೋ ಜನ. ಹಾಗಾಗಿ ಗೋಡೆಗೊಂದು ಚಾರ್ಟ್ ಹಾಕಿದ್ದೇವೆ, ನೂಕುಬಲ ಅಂದ್ರೆ ಥ್ರಸ್ಟ್, ಎಳೆತ ಅಂದ್ರೆ ಡ್ರ್ಯಾಗ್, ಹೀಗೆ. ಕೈಯಲ್ಲಿ ಮಾಡಿ ಗೊತ್ತಿದ್ದ ವಿಷಯಕ್ಕೆ ಇಂಗ್ಲಿಷ್ ಹೆಸರು ಕಲಿಯುದು ಅಷ್ಟು ಭಾರ ಆಗುದಿಲ್ಲ.

ಸ್ಟೆಪ್ 8: ಮುಂದಿನ ಮೆಟ್ಟಿಲು ಯಾವಾಗ್ಲೂ ಕಾಣ್ತಾ ಇರ್ಲಿ

ಒಂಬತ್ತನೇಯವರಿಗೆ ಬಾಟ್ಲಿ ಸಾಕಾಗುದಿಲ್ಲ ಅಂತ ಆದಾಗ ಸೆನ್ಸರ್ ಕೊಡಿ. ಬಿಎಂಪಿ280 ಅಂತ ಉಗುರಿನಷ್ಟು ಸಣ್ಣ ಬೋರ್ಡ್, ವಾಯುಭಾರ ಅಳಿತದೆ, ಮೇಲೆ ಹೋದ ಹಾಗೆ ವಾಯುಭಾರ ಇಳಿಯುದರಿಂದ ಎತ್ತರ ಸಿಗ್ತದೆ. ಸೆನ್ಸರ್ ನಡೆಸುವ ಆರ್ಡುಯಿನೋ ಅನ್ನುವ ಸಣ್ಣ ಕಂಪ್ಯೂಟರ್ ಬೋರ್ಡನ್ನು ಲಿಟಲ್ ಕೈಟ್ಸ್ (ಕೇರಳದ ಹೈಸ್ಕೂಲುಗಳ ಐಟಿ ಕ್ಲಬ್) ಮಕ್ಕಳಿಗೆ ಶಾಲೆಯಲ್ಲೇ ಕಲಿಸ್ತಾರೆ, ಅಂಥ ಒಬ್ಬರನ್ನು ಗುಂಪಿಗೆ ಸೇರಿಸ್ಕೊಂಡ್ರೆ ಕೆಲಸ ಅರ್ಧ ಆಯ್ತು. ಕೋನದ ಲೆಕ್ಕ ಮತ್ತು ಸೆನ್ಸರಿನ ಲೆಕ್ಕ ಹೊಂದುದಿಲ್ಲ, ಅಲ್ಲಿ ಜಗಳ ಶುರುವಾಗ್ತದೆ, ಒಳ್ಳೆ ಜಗಳ. ಉಪಜಿಲ್ಲಾ ಶಾಸ್ತ್ರಮೇಳಕ್ಕೆ (ಸೈನ್ಸ್ ಫೇರಿಗೆ) ವರ್ಕಿಂಗ್ ಮಾಡೆಲ್ ಆಗಿ ಕಳಿಸಿ. ಶಾಲೆ ಮಕ್ಕಳಿಗೆ ಇಸ್ರೋ ಮಾಡುವ ಯುವಿಕಾ ಅನ್ನುವ ಕಾರ್ಯಕ್ರಮ ಒಂಬತ್ತನೇ ಕ್ಲಾಸಿನವರಿಗೇ ಇರುದು, ಆಯ್ಕೆಯಲ್ಲಿ ಸೈನ್ಸ್ ಫೇರಿಗೂ ಹಳ್ಳಿ ಶಾಲೆಗೂ ಮಾರ್ಕ್ ಉಂಟು, ಎಂಟನೇಯಲ್ಲೇ ಹೇಳಿ ಇಡಿ, ಒಂಬತ್ತು ದಾಟಿದ್ರೆ ಆ ಬಾಗಿಲು ಮುಚ್ಚಿತು. ಕಾಲೇಜಿಗೆ ಹೋದವರಿಗೆ ಕೇಂದ್ರದ ಬಾಹ್ಯಾಕಾಶ ಸಂಸ್ಥೆ ಇನ್‌ಸ್ಪೇಸಿನ ಮಾಡೆಲ್ ರಾಕೆಟ್, ಕ್ಯಾನ್‌ಸ್ಯಾಟ್ (ಡಬ್ಬಿಯಷ್ಟು ಸಣ್ಣ ಮಾದರಿ ಉಪಗ್ರಹ) ಸ್ಪರ್ಧೆ ಉಂಟು, 2025 ರಲ್ಲಿ ಉತ್ತರ ಪ್ರದೇಶದ ಕುಶಿನಗರದಲ್ಲಿ ನಿಜವಾಗಿ ರಾಕೆಟ್ ಹಾರಿಸಿದ್ದಾರೆ ವಿದ್ಯಾರ್ಥಿಗಳು.

ಮತ್ತೆ ಒಮ್ಮೆಯಾದ್ರೂ ತುಂಬಾ ಅನ್ನುವ ಊರಿಗೆ ಕರ್ಕೊಂಡು ಹೋಗಿ. ನಮ್ಮದೇ ರಾಜ್ಯದ ಆ ತುದಿ, ರಾತ್ರಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಿಗ್ಗೆ ತಿರುವನಂತಪುರ. 1963 ನವೆಂಬರ್ 21 ಕ್ಕೆ ನಮ್ಮ ದೇಶದ ನೆಲದಿಂದ ಮೊದಲ ರಾಕೆಟ್ ಹಾರಿದ್ದು ಅಲ್ಲಿಂದ, ಮೀನುಗಾರರ ಊರು, ಇಗರ್ಜಿಯೇ (ಚರ್ಚೇ) ಆಫೀಸು, ರಾಕೆಟಿನ ಭಾಗ ಸೈಕಲ್ಲಲ್ಲಿ ತಂದದ್ದು. ಆ ಇಗರ್ಜಿ ಈಗ ಮ್ಯೂಸಿಯಂ. 1967 ರಲ್ಲಿ ನಾವೇ ಮಾಡಿದ ಮೊದಲ ರಾಕೆಟ್ ಆರ್‌ಎಚ್75, ಆ 75 ಅಂದ್ರೆ ವ್ಯಾಸ, ಮಿಲಿಮೀಟರಲ್ಲಿ. ನಮ್ಮ ಹುಡುಗ ಒಬ್ಬ ಅಲ್ಲೇ ಚೀಲದಿಂದ ಸ್ಕೇಲ್ ತೆಗೆದು ನೀರು ತುಂಬಿಸಿ ತಂದ ಸೋಡಾ ಬಾಟ್ಲಿ ಅಳೆದು ನೋಡಿ, ಮಾವ, ನಮ್ಮ ಸೋಡಾ ಬಾಟ್ಲಿ ಇದಕ್ಕಿಂತ ತೋರ ಉಂಟು ಅಂತ ಹೇಳಿದ. ಅವನ ಮುಖ ಆಗ ನೋಡ್ಬೇಕಿತ್ತು. ಅಲ್ಲಿಂದ ಹಾರುವ ಆರ್‌ಎಚ್200, 2022 ನವೆಂಬರಲ್ಲಿ ಸತತ ಇನ್ನೂರನೇ ಸಲ ಸಕ್ಸೆಸ್ ಆದದ್ದು.

ಸ್ಟೆಪ್ 9: ಹತ್ತನೇ ಕ್ಲಾಸಿನ ವರ್ಷ ಹಗ್ಗ ಸಡಿಲ ಬಿಡಿ, ಕೈ ಬಿಡ್ಬೇಡಿ

ಎಸ್ಸೆಸ್ಸೆಲ್ಸಿ ವರ್ಷ ಮನೆಯಲ್ಲಿ ಎಲ್ಲ ಬಂದ್. ಅಪ್ಪ ಅಮ್ಮನ ಹತ್ರ ಚರ್ಚೆ ಮಾಡ್ಲಿಕ್ಕೆ ಹೋಗ್ಬೇಡಿ, ಅವರ ಚಿಂತೆ ಅವರಿಗೆ. ಆ ಮಕ್ಕಳಿಗೆ ತಿಂಗಳಿಗೆ ಹತ್ತು ನಿಮಿಷದ ಕೆಲಸ ಕೊಡಿ. ಈ ಸಲದ ಲೆಕ್ಕ ಫೋಟೋ ಕಳಿಸ್ತೇನೆ, ಒಮ್ಮೆ ಚೆಕ್ ಮಾಡು ಅಂತ. ಬರ್ಲಿಲ್ಲ ಯಾಕೆ ಅಂತ ಯಾವತ್ತೂ ಕೇಳ್ಬೇಡಿ.

ಮಾರ್ಚಲ್ಲಿ ಪರೀಕ್ಷೆ ಮುಗಿದು ಪ್ಲಸ್ ವನ್ ಶುರುವಾಗುವ ತನಕ ಎರಡು ತಿಂಗಳು ಆ ಮಕ್ಕಳಿಗೆ ಎಂತ ಮಾಡುದು ಅಂತ ಗೊತ್ತಿರುದಿಲ್ಲ, ಬಿಸಿಲು ಚೆನ್ನಾಗಿರ್ತದೆ, ಪದವು ಒಣಗಿರ್ತದೆ. ಪರೀಕ್ಷೆಯ ಕೊನೆಯ ದಿನವೇ ಫೋನ್ ಮಾಡಿ. ಮೇ ತಿಂಗಳ ಲಾಂಚ್ ಪೂರ್ತಿ ಅವರಿಗೆ ಬಿಡಿ, ಐದು ಆರನೇ ಕ್ಲಾಸಿನವರಿಗೆ ಕಲಿಸುದು, ಸಾಮಾನು ತರುದು, ಜ್ಯೂಸ್ ಮಾಡಿಸುದು, ಖರ್ಚಿನ ಲೆಕ್ಕ ಎಲ್ಲ. ಕಲಿಸ್ಲಿಕ್ಕೆ ನಿಂತಾಗ ತನಗೆ ಗೊತ್ತಿಲ್ಲದ್ದು ಗೊತ್ತಾಗ್ತದೆ, ರಾತ್ರಿ ಹೋಗಿ ಓದ್ತಾರೆ. ನಮ್ಮಲ್ಲಿ ಈಗ ಪ್ಲಸ್ ವನ್, ಪ್ಲಸ್ ಟು ಸೇರಿ ಒಂಬತ್ತು ಜನ ಇದ್ದಾರೆ, ಅವರಲ್ಲಿ ಏಳು ಜನ ಆ ಮೇ ತಿಂಗಳಲ್ಲಿ ಗಟ್ಟಿಯಾದವರು.

ಸಾಮಾನಿನ ಪೆಟ್ಟಿಗೆ ವಾಚನಾಲಯದ ಮೂಲೆಯಲ್ಲಿ ಉಂಟು. ಮಳೆಗಾಲಕ್ಕೆ ಮುಂಚೆ ಓ ರಿಂಗಿಗೆ ಗ್ರೀಸ್ ಹಚ್ಚಿ, ಹೋಸ್ ಸುತ್ತಿ, ಪಂಪಿನ ಒಳಗಿನ ವಾಶರ್ ಒಣಗದ ಹಾಗೆ ಎರಡು ಹನಿ ಎಣ್ಣೆ ಬಿಟ್ಟು ಇಡ್ಬೇಕು. ಅದರ ಬೀಗದ ಕೈ ಮೊದಲು ನನ್ನ ಸೊಂಟದಲ್ಲಿರ್ತಿತ್ತು, ಈಗ ಎಂಟನೇ ಕ್ಲಾಸಿನ ಒಬ್ಬಳ ಜಾಮಿಟ್ರಿ ಬಾಕ್ಸಲ್ಲಿ ಉಂಟು. ಹೋದ ಶನಿವಾರ ನಾನು ಐದು ನಿಮಿಷ ಲೇಟ್ ಆದೆ, ನಾನು ಪದವು ಹತ್ತಿ ಮೇಲೆ ಬರುವಾಗ ಎರಡನೇ ರಾಕೆಟಿಗೆ ಗಾಳಿ ಹೊಡಿತಾ ಇದ್ರು.